ಮೇಡಂ ಬಿನ್ ಬಗ್ಗೆ ಇಲ್ಲಿ ಯಾರೂ ಬರೆದೇ ಇಲ್ವಲ್ಲ?

ತುಂಗಾತೀರ

ವಿಯೆಟ್ನಾಂ ಯುದ್ಧದ ಮಾತು ಬಂದಾಗೆಲ್ಲ ನಮ್ಮ ಬಾಯಿಗೆ ಬರುವ ಹೆಸರುಗಳು ಅವೇ. ಹೋ ಚಿ ಮಿನ್, ಜನರಲ್ ಗ್ಯಾಪ್, ಕಿಸಿಂಜರ್, ನಿಕ್ಸನ್. ಈ ವೇದಿಕೆಯ ಹಳೆ ಚರ್ಚೆಗಳನ್ನು ಹುಡುಕಿ ನೋಡಿದೆ. ಗುಯೆನ್ ಥಿ ಬಿನ್ ಎಂಬ ಹೆಸರು ಒಂದು ಕಡೆಯೂ ಸಿಗಲಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡ್ತಿದ್ದೇನೆ.

1973ರ ಜನವರಿ 27, ಶನಿವಾರ. ಪ್ಯಾರಿಸ್‌ನ ಕ್ಲೇಬೆರ್ ರಸ್ತೆಯಲ್ಲಿದ್ದ ಹಳೆಯ ಮೆಜೆಸ್ಟಿಕ್ ಹೋಟೆಲಿನ ದೊಡ್ಡ ಹಾಲ್. ವಿಯೆಟ್ನಾಂ ಶಾಂತಿ ಒಪ್ಪಂದಕ್ಕೆ ನಾಲ್ಕು ಪಕ್ಷಗಳ ವಿದೇಶಾಂಗ ಮಂತ್ರಿಗಳು ಸಹಿ ಹಾಕಲು ಕೂತಿದ್ದಾರೆ. ಅಮೆರಿಕದ ವಿಲಿಯಂ ರೋಜರ್ಸ್, ಅಮೆರಿಕದ ಬೆಂಬಲವಿದ್ದ ದಕ್ಷಿಣದ ಸೈಗಾನ್ ಸರ್ಕಾರದ ಟ್ರಾನ್ ವಾನ್ ಲಾಮ್, ಉತ್ತರ ವಿಯೆಟ್ನಾಂನ, ಅಂದರೆ ಹನೋಯಿಯ ಗುಯೆನ್ ಡುಯ್ ಟ್ರಿನ್. ನಾಲ್ಕನೆಯವರು ಆವೊ ಡಾಯ್ ಎಂಬ ಅಲ್ಲಿನ ಉದ್ದ ನಿಲುವಂಗಿ ತೊಟ್ಟ 45 ವರ್ಷದ ಹೆಂಗಸು, ಇವರೇ ಬಿನ್. ಸೈಗಾನ್ ವಿರುದ್ಧ ಹೋರಾಡುತ್ತಿದ್ದವರು ಕಟ್ಟಿದ ದಕ್ಷಿಣ ವಿಯೆಟ್ನಾಂನ ತಾತ್ಕಾಲಿಕ ಕ್ರಾಂತಿಕಾರಿ ಸರ್ಕಾರದ ವಿದೇಶಾಂಗ ಮಂತ್ರಿ. ಸಹಿ ಹಾಕಿದ ನಾಲ್ವರಲ್ಲಿ ಹೆಂಗಸು ಅವರೊಬ್ಬರೇ.

ಅವರು 1927ರಲ್ಲಿ ಮೆಕಾಂಗ್ ನದಿ ಮುಖಜ ಭೂಮಿಯ ಸಾ ಡೆಕ್‌ನಲ್ಲಿ ಹುಟ್ಟಿದವರು. ಹುಟ್ಟು ಹೆಸರು ಗುಯೆನ್ ಥಿ ಚೌ ಸಾ. ತಾಯಿಯ ತಂದೆ ಫಾನ್ ಚೌ ಟ್ರಿನ್. ಈ ಅಜ್ಜ ವಿಯೆಟ್ನಾಂನಲ್ಲಿ ಮನೆಮಾತು. ಫ್ರೆಂಚರ ಆಳ್ವಿಕೆಯಲ್ಲಿ ಶಾಲೆ, ವ್ಯಾಪಾರ, ಜನರ ಹಕ್ಕು ಎಂದು ಊರೂರು ತಿರುಗಿದವರು. 1908ರಲ್ಲಿ ತೆರಿಗೆ ವಿರುದ್ಧ ರೈತರು ಎದ್ದಾಗ ಅವರನ್ನು ಕೊನ್ ದಾವೊ ದ್ವೀಪದ ಜೈಲಿಗೆ ಹಾಕಿದರು. ನಮ್ಮ ಅಂಡಮಾನ್ ಇದ್ದ ಹಾಗೆ ಅದು. 1926ರಲ್ಲಿ ಅವರು ಸೈಗಾನ್‌ನಲ್ಲಿ ತೀರಿಕೊಂಡಾಗ ಶವಯಾತ್ರೆಗೆ ಹತ್ತಾರು ಸಾವಿರ ಜನ ಸೇರಿದ್ದರು. ಶೋಕದ ಪಟ್ಟಿ ಕಟ್ಟಿಕೊಂಡ ವಿದ್ಯಾರ್ಥಿಗಳನ್ನು ಶಾಲೆಗಳಿಂದ ಹೊರಹಾಕಿದರು, ಅದರಿಂದ ದೇಶದ ತುಂಬ ಶಾಲಾ ಮುಷ್ಕರ ಎದ್ದಿತು. ಮರುವರ್ಷ ಮೊಮ್ಮಗಳು ಹುಟ್ಟಿದಳು.

ಅಪ್ಪ ಭೂಮಾಪನ ಇಲಾಖೆಯಲ್ಲಿದ್ದರು. ಕೆಲಸಕ್ಕಾಗಿ ಕಾಂಬೋಡಿಯಾಕ್ಕೆ ಹೋದರು. ಹಾಗಾಗಿ ಹುಡುಗಿ ಓದಿದ್ದು ನಾಮ್ ಪೆನ್‌ನ ಸಿಸೊವತ್ ಶಾಲೆಯಲ್ಲಿ, ಫ್ರೆಂಚ್ ಭಾಷೆಯಲ್ಲಿ. ಹದಿನಾರು ವಯಸ್ಸಿಗೆ ತಾಯಿ ಹೋದರು. ಇವಳೇ ಮನೆಗೆ ದೊಡ್ಡವಳು. ತಮ್ಮ ತಂಗಿಯರ ಹೊಣೆಯೆಲ್ಲ ಇವಳ ತಲೆ ಮೇಲೆ ಬಿತ್ತು.

ನನಗೆ ಈ ಹೆಂಗಸಿನಲ್ಲಿ ಹಿಡಿಸಿದ್ದು ಒಂದೇ ವಿಷಯ. ಯಾರೂ ಹೆಸರು ಹೇಳಲೂ ಒಪ್ಪದ ಒಂದು ಪಕ್ಷಕ್ಕೆ ಅವರು ಮೇಜಿನ ಮುಂದೆ ಜಾಗ ಸಂಪಾದಿಸಿದರು, ಕೊನೆಗೆ ಕಾಗದದ ಮೇಲೆ ಹೆಸರನ್ನೂ ಸಂಪಾದಿಸಿದರು. ಗೊತ್ತಿರುವವರು ಬರೆಯಿರಿ.

ಹಳೇಪೇಟೆ ಮೇಷ್ಟ್ರು

ಈ ಹೆಸರು ಕೇಳಿ ಎಷ್ಟು ವರ್ಷವಾಯಿತು! ನಮ್ಮ ಮನೆಯಲ್ಲಿ ಆಗ ಒಂದು ದೊಡ್ಡ ಮರದ ರೇಡಿಯೊ ಇತ್ತು. ರಾತ್ರಿ ವಾರ್ತೆ ಹೊತ್ತಿಗೆ ಅಪ್ಪ ಯಾರನ್ನೂ ಮಾತಾಡಲು ಬಿಡುತ್ತಿರಲಿಲ್ಲ. "ಮೇಡಂ ಬಿನ್" ಎಂಬ ಹೆಸರು ವಾರಕ್ಕೆ ಒಂದು ಸಲವಾದರೂ ಕಿವಿಗೆ ಬೀಳುತ್ತಿತ್ತು. ನಾನು ಹೈಸ್ಕೂಲು ಹುಡುಗ. ಅವರು ಫ್ರಾನ್ಸಿನವರು ಅಂತಲೇ ಬಹಳ ದಿನ ಅಂದುಕೊಂಡಿದ್ದೆ.

ಒಂದು ವಿಷಯ ಸೇರಿಸ್ತೇನೆ. 1970ರ ಜುಲೈನಲ್ಲಿ ಇಂದಿರಾ ಗಾಂಧಿಯವರ ಸರ್ಕಾರ ಅವರನ್ನು ದೆಹಲಿಗೆ ಕರೆಸಿಕೊಂಡಿತ್ತು. ಅವರ ಸರ್ಕಾರಕ್ಕೆ ಭಾರತ ಆಗಿನ್ನೂ ಮಾನ್ಯತೆ ಕೊಟ್ಟಿರಲಿಲ್ಲ. ಆದರೂ ಮರ್ಯಾದೆಯಿಂದ ಬರಮಾಡಿಕೊಂಡರು. ಸೈಗಾನ್ ಸರ್ಕಾರಕ್ಕೆ ವಿಪರೀತ ಸಿಟ್ಟು ಬಂತು, ಅಲ್ಲಿ ಭಾರತದ ವಿರುದ್ಧ ಪ್ರತಿಭಟನೆ ನಡೆಯಿತು. ಇದು ಸಣ್ಣ ವಿಷಯ ಅಲ್ಲ. ಫ್ರೆಂಚರ ಜೊತೆಗಿನ ಯುದ್ಧ ನಿಲ್ಲಿಸಿ ದೇಶವನ್ನು ಉತ್ತರ, ದಕ್ಷಿಣ ಎಂದು ಎರಡು ಮಾಡಿದ 1954ರ ಜಿನೀವಾ ಒಪ್ಪಂದ ಪಾಲನೆ ಆಗ್ತಿದೆಯೇ ಎಂದು ನೋಡುವ ಅಂತರರಾಷ್ಟ್ರೀಯ ಆಯೋಗಕ್ಕೆ ಭಾರತವೇ ಅಧ್ಯಕ್ಷ. ಜೊತೆಗೆ ಪೋಲೆಂಡ್ ಮತ್ತು ಕೆನಡಾ. 1972ರ ಜನವರಿಯಲ್ಲಿ ಭಾರತ ಹನೋಯಿ ಜೊತೆಗಿನ ಸಂಬಂಧವನ್ನು ರಾಯಭಾರಿ ಮಟ್ಟಕ್ಕೆ ಏರಿಸಿತು. 1973ರ ಒಪ್ಪಂದದ ಮೇಲ್ವಿಚಾರಣೆಗೆ ಹೊಸ ಆಯೋಗ ಮಾಡಿದಾಗ ಭಾರತ ಅದರಲ್ಲಿ ಇರಲಿಲ್ಲ. ಪೋಲೆಂಡ್, ಹಂಗೇರಿ, ಕೆನಡಾ, ಇಂಡೊನೇಷ್ಯಾ ಇದ್ದವು.

ಇನ್ನು ಹೆಸರಿನ ಉಚ್ಚಾರಣೆ. ಗುಯೆನ್ ಅಂತ ನಾವೆಲ್ಲ ಬರೆಯುತ್ತೇವೆ. ಅಲ್ಲಿಯವರು ಹೇಳುವುದು "ಙ್ವಿಯೆನ್" ಎಂಬುದಕ್ಕೆ ಹತ್ತಿರ. ನಾವು ಒಂದನೇ ಕ್ಲಾಸಿನಲ್ಲಿ ಕ ಖ ಗ ಘ ಙ ಅಂತ ಕಲಿತು ಆಮೇಲೆ ಮರೆತೇಬಿಡುವ ಅಕ್ಷರ ನೋಡಿ, ಅದರಿಂದಲೇ ಆ ದೇಶದ ಹತ್ತರಲ್ಲಿ ಮೂರ್ನಾಲ್ಕು ಜನರ ಮನೆತನದ ಹೆಸರು ಶುರುವಾಗುತ್ತದೆ. ಮಕ್ಕಳು "ಸಾರ್, ಈ ಙ ಎಲ್ಲಿ ಬರುತ್ತೆ" ಅಂತ ಕೇಳಿದಾಗಲೆಲ್ಲ ನಾನು ಈ ಹೆಸರನ್ನೇ ಬೋರ್ಡಿನ ಮೇಲೆ ಬರೆಯುತ್ತಿದ್ದೆ.

ಶಾಲ್ಮಲಾ

ಮೇಷ್ಟ್ರೇ, ಙ ವಿಷಯ ಓದಿ ನಾನು ಜೋರಾಗಿ ಒಂದು ಸಲ ಹೇಳಿ ನೋಡಿದೆ. ಬರುತ್ತೆ!

ತುಂಗಾತೀರ ಅವರೇ, ಅವರು ಚಳವಳಿಗೆ ಬಂದದ್ದು ಹೇಗೆ? ಅಜ್ಜನ ಹೆಸರಿದ್ದರೆ ಸಾಕೇ? ವಿದ್ಯಾರ್ಥಿಯಾಗಿ ನಿಜವಾಗಿ ಏನು ಮಾಡಿದರು ಅಂತ ತಿಳಿಯುವ ಆಸೆ. ದೊಡ್ಡವರಾದ ಮೇಲಿನ ಕಥೆ ಎಲ್ಲ ಕಡೆ ಸಿಗುತ್ತೆ, ಇದು ಸಿಗಲ್ಲ.

ತುಂಗಾತೀರ

ಒಳ್ಳೆ ಪ್ರಶ್ನೆ. ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ.

1945ರಲ್ಲಿ ಮನೆಯವರೆಲ್ಲ ಸೈಗಾನ್‌ಗೆ ವಾಪಸು ಬಂದರು. ಎರಡನೇ ಮಹಾಯುದ್ಧ ಮುಗಿದಿತ್ತು. ಜಪಾನಿಯರು ಸೋತಿದ್ದರು. ಹೋ ಚಿ ಮಿನ್ ಸ್ವಾತಂತ್ರ್ಯ ಘೋಷಿಸಿದ್ದರು. ಫ್ರೆಂಚರು ಮಾತ್ರ ಮತ್ತೆ ಬಂದರು. ಹದಿನೆಂಟರ ಹುಡುಗಿ ಆಗಲೇ ಕೆಲಸಕ್ಕೆ ಇಳಿದಳು. ಮನೆ ನಡೆಸಲು ಮಕ್ಕಳಿಗೆ ಪಾಠ ಹೇಳಿಕೊಡುವುದು, ಅದರ ನಡುವೆ ವಿದ್ಯಾರ್ಥಿಗಳು ಮತ್ತು ಮಹಿಳೆಯರ ಗುಟ್ಟಿನ ಸಂಘಟನೆ. 1948ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದಳು. ಆಗ ಚಳವಳಿಯಲ್ಲಿ ಅವಳ ಹೆಸರು ಯೆನ್ ಸಾ.

1950 ದೊಡ್ಡ ವರ್ಷ. ಜನವರಿ 9ರಂದು ಸೈಗಾನ್‌ನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಬಂಧಿಸಿದ ಸಹಪಾಠಿಗಳನ್ನು ಬಿಡಿ, ಮುಚ್ಚಿದ ಶಾಲೆಗಳನ್ನು ತೆರೆಯಿರಿ ಎಂಬುದು ಬೇಡಿಕೆ. ಪೊಲೀಸರು ಗುಂಡು ಹಾರಿಸಿದರು. ಪೆತ್ರುಸ್ ಕೀ ಶಾಲೆಯ ಟ್ರಾನ್ ವಾನ್ ಅನ್ ಎಂಬ ಹುಡುಗ ಸತ್ತ. ಮೂರು ದಿನದ ನಂತರ ಅವನ ಶವಯಾತ್ರೆ. ಅಂಗಡಿ ಮುಚ್ಚಿತು, ಮಾರ್ಕೆಟ್ ಮುಚ್ಚಿತು, ಊರಿಗೆ ಊರೇ ಹಿಂದೆ ನಡೆಯಿತು. ಇವತ್ತಿಗೂ ಜನವರಿ 9 ಅಲ್ಲಿ ವಿದ್ಯಾರ್ಥಿ ದಿನ.

ಎರಡು ತಿಂಗಳಾದ ಮೇಲೆ, ಮಾರ್ಚ್ 19ರಂದು, ಸೈಗಾನ್ ಬಂದರಿಗೆ ಬಂದಿದ್ದ ಅಮೆರಿಕದ ಯುದ್ಧನೌಕೆಗಳ ವಿರುದ್ಧ ಮತ್ತೆ ಜನ ಸೇರಿದರು. ಗಮನಿಸಿ, ಇದು 1950. ಅಮೆರಿಕದ ಸೈನ್ಯ ದನಾಂಗ್ ಕಡಲತೀರದಲ್ಲಿ ಇಳಿಯಲು ಇನ್ನೂ 15 ವರ್ಷ ಇತ್ತು. ಆ ಮೆರವಣಿಗೆಯ ಮುಂದಾಳುಗಳಲ್ಲಿ ಒಬ್ಬರು ವಕೀಲ ಗುಯೆನ್ ಹುಯು ಥೊ. ನಮ್ಮ ಯೆನ್ ಸಾ ಕೂಡ ಅದನ್ನು ಸಂಘಟಿಸಿದವರಲ್ಲಿ ಇದ್ದರು. ಮುಂದೆ 1960ರಲ್ಲಿ ದಕ್ಷಿಣ ವಿಯೆಟ್ನಾಂನ ರಾಷ್ಟ್ರೀಯ ವಿಮೋಚನಾ ರಂಗ ಹುಟ್ಟಿತು. ಅದಕ್ಕೆ ಅಧ್ಯಕ್ಷರಾದವರು ಇದೇ ವಕೀಲರು. ಅದರ ದನಿಯಾಗಿ ಲೋಕ ಸುತ್ತಿದವರು ಇದೇ ಹುಡುಗಿ.

1951ರಲ್ಲಿ ಬಂಧನ. ಕತಿನಾ ರಸ್ತೆಯ ಗುಪ್ತಚರ ಪೊಲೀಸರ ಕಚೇರಿಯಲ್ಲಿ ಚಿತ್ರಹಿಂಸೆ, ಆಮೇಲೆ ಚೀ ಹೊವಾ ಜೈಲು. ವಯಸ್ಸು 24. ಹೊರಗೆ ಬರುವಷ್ಟರಲ್ಲಿ ಫ್ರೆಂಚರು ಸೋಲುವ ಹೊತ್ತು ಬಂದಿತ್ತು. 1954ರಲ್ಲಿ ದೇಶ 17ನೇ ಅಕ್ಷಾಂಶದ ಹತ್ತಿರ ಎರಡಾಯಿತು. ಅವರು ಉತ್ತರಕ್ಕೆ ಹೋದರು. ಎರಡು ವರ್ಷದಲ್ಲಿ ಚುನಾವಣೆ, ಆಮೇಲೆ ಮನೆಗೆ ವಾಪಸು ಅಂತ ಎಲ್ಲರೂ ನಂಬಿದ್ದರು. ಆ ಚುನಾವಣೆ ನಡೆಯಲೇ ಇಲ್ಲ.

ಕಾಫಿಹೂ

ಓದ್ತಾ ಓದ್ತಾ ನನ್ನ ಕಾಲೇಜು ದಿನ ಕಣ್ಣ ಮುಂದೆ ಬಂತು. ಹಾಸ್ಟೆಲಿನಲ್ಲಿ ಹನ್ನೊಂದು ದಿನ ನೀರಿರಲಿಲ್ಲ. ನಾವು ನಲವತ್ತು ಹುಡುಗಿಯರು ಖಾಲಿ ಬಕೆಟ್ ಹಿಡಿದು ಆಫೀಸಿನ ಮುಂದೆ ಕೂತೆವು. ನನ್ನನ್ನು ಒಬ್ಬಳನ್ನೇ ಒಳಗೆ ಕರೆದು "ನೀನೇ ಲೀಡರ್ರಾ? ನಿಮ್ಮಪ್ಪನಿಗೆ ಫೋನ್ ಮಾಡ್ತೀವಿ" ಅಂದರು. ನನ್ನ ಕೈ ನಡುಗುತ್ತಿತ್ತು. ಅಷ್ಟಕ್ಕೇ ನಡುಗಿತು. ಹೊರಗೆ ಗುಂಡು ಹಾರುತ್ತದೆ ಎಂದು ಗೊತ್ತಿದ್ದೂ ಎರಡು ತಿಂಗಳೊಳಗೆ ಮತ್ತೆ ಬೀದಿಗೆ ಬಂದ ಆ ಮಕ್ಕಳ ಬಗ್ಗೆ ಯೋಚಿಸ್ತಿದ್ದೇನೆ.

ಅವರ ಮದುವೆ ವಿಷಯ ಯಾರೂ ಬರೆದಿಲ್ಲ. ನಾನು ಹೇಳ್ತೇನೆ. ಗಂಡ ದಿನ್ ಖಾಂಗ್. ಇಬ್ಬರಿಗೂ ಬಹಳ ಹಿಂದಿನಿಂದ ಪರಿಚಯ. ಆತ ಸೈನ್ಯದ ಕೆಲಸದ ಮೇಲೆ ಉತ್ತರಕ್ಕೆ ಹೋದ, ಈಕೆ ದಕ್ಷಿಣದಲ್ಲಿ ಉಳಿದಳು. ನಡುವೆ ಜೈಲು. ವರ್ಷಗಟ್ಟಲೆ ಒಬ್ಬರನ್ನೊಬ್ಬರು ನೋಡಲಿಲ್ಲ. 1954ರ ಕೊನೆಗೆ ಹನೋಯಿಯಲ್ಲಿ ಮದುವೆ. ಒಬ್ಬ ಮಗ, ಒಬ್ಬ ಮಗಳು. ಅವರಿಬ್ಬರೂ ಚಿಕ್ಕವರಿದ್ದಾಗಲೇ ಈಕೆಯನ್ನು ರಂಗದ ವಿದೇಶಾಂಗ ಕೆಲಸಕ್ಕೆ ಹಾಕಿದರು. ಬಿನ್ ಎಂಬ ಹೆಸರು ಬಂದದ್ದು ಆಗಲೇ. ಆ ಪದಕ್ಕೆ ಶಾಂತಿ ಅಂತ ಅರ್ಥ. ಅಲ್ಲಿಂದ ಮುಂದೆ ಸೂಟ್‌ಕೇಸಿನ ಬದುಕು. ಪ್ಯಾರಿಸ್‌ನಲ್ಲಿ ಒಂದಲ್ಲ ಎರಡಲ್ಲ, ನಾಲ್ಕು ವರ್ಷಕ್ಕೂ ಹೆಚ್ಚು. 1972ರ ಡಿಸೆಂಬರ್‌ನಲ್ಲಿ ಹನೋಯಿ ಮೇಲೆ ಬಿ-52 ವಿಮಾನಗಳು ಬಾಂಬ್ ಸುರಿಸಿದವು. ಆಕೆ ಆಗ ಸಂಧಾನದ ಕೆಲಸದಲ್ಲಿ ದೂರ ದೇಶದಲ್ಲಿ. ಮನೆಯವರೆಲ್ಲ ವಿಯೆಟ್ನಾಂನಲ್ಲಿ. ಮರುದಿನ ಪತ್ರಕರ್ತರ ಮುಂದೆ ನಿಲ್ಲಬೇಕಾದ ತಾಯಿ ರಾತ್ರಿ ಹೇಗೆ ಮಲಗಿರಬಹುದು?

ಬಯಲುಸೀಮೆ

ಎಲ್ಲರೂ ಮೆಚ್ಚಿ ಬರೆಯುತ್ತಿದ್ದೀರಿ. ನನಗೂ ಆಕೆಯ ಮೇಲೆ ಗೌರವ ಇದೆ. ಆದರೂ ಕೆಲವು ಮಾತು ಹೇಳಲೇಬೇಕು. ಬೇಜಾರು ಮಾಡ್ಕೋಬೇಡಿ.

ಆಕೆ ಪ್ರತಿನಿಧಿಸಿದ ವಿಮೋಚನಾ ರಂಗ ನಿಜವಾಗಿ ಸ್ವತಂತ್ರವಾಗಿತ್ತೇ? ನಿರ್ಧಾರಗಳೆಲ್ಲ ಹನೋಯಿಯ ಪಕ್ಷದ ಕೈಯಲ್ಲಿದ್ದವು. ಪ್ಯಾರಿಸ್‌ನಲ್ಲಿ ಅಸಲಿ ಮಾತುಕತೆ ನಡೆಸಿದ್ದು ಅಮೆರಿಕದ ಕಿಸಿಂಜರ್ ಮತ್ತು ಹನೋಯಿಯ ಲೆ ಡುಕ್ ಥೊ, ಅದೂ ಗುಟ್ಟಾಗಿ. 1968ರಲ್ಲಿ ಹ್ಯುಯೆ ನಗರವನ್ನು ಕೆಲವು ವಾರ ಹಿಡಿದಿಟ್ಟುಕೊಂಡಾಗ ಇದೇ ಪಕ್ಷದವರು ಊರಿನ ಎಷ್ಟೊಂದು ಜನರನ್ನು ಕೊಂದು ಹೂತರು. ಅದರ ಬಗ್ಗೆ ಪ್ಯಾರಿಸ್‌ನಲ್ಲಿ ಏನು ಉತ್ತರ ಇತ್ತು?

1975ರ ನಂತರ ಏನಾಯಿತು ನೋಡಿ. ದಕ್ಷಿಣಕ್ಕೆ ತನ್ನದೇ ಸರ್ಕಾರ, ಎಲ್ಲರನ್ನೂ ಸೇರಿಸಿಕೊಂಡು ನಡೆಯುವ ಆಡಳಿತ ಎಂದು ಮಾತು ಕೊಟ್ಟಿದ್ದರು. 1976ರ ಜುಲೈಗೆ ಆ ಸರ್ಕಾರವೇ ಇಲ್ಲ, ದೇಶ ಒಂದಾಯಿತು. ಸೈಗಾನ್ ಸರ್ಕಾರದ ಜೊತೆ ಇದ್ದ ಲಕ್ಷಾಂತರ ಜನ "ಮರುಶಿಕ್ಷಣ" ಶಿಬಿರಗಳಿಗೆ ಹೋದರು. ಲಕ್ಷಾಂತರ ಜನ ದೋಣಿ ಹತ್ತಿ ಸಮುದ್ರಕ್ಕೆ ಬಿದ್ದರು. ಆಕೆಯ ಜೊತೆಯೇ ಆ ಸಂಪುಟದಲ್ಲಿ ನ್ಯಾಯಮಂತ್ರಿಯಾಗಿದ್ದ ಟ್ರುವೊಂಗ್ ನ್ಯು ಟಾಂಗ್ 1978ರಲ್ಲಿ ದೋಣಿಯಲ್ಲಿ ತಪ್ಪಿಸಿಕೊಂಡು ಹೋದರು. ನಮಗೆ ಮೋಸವಾಯಿತು ಎಂದು ಬರೆದರು. ಜೀವಮಾನವಿಡೀ ಹೋರಾಡಿದ ಒಬ್ಬ ಮಂತ್ರಿಗೇ ಹೀಗನ್ನಿಸಿದರೆ ಅದನ್ನು ಪಕ್ಕಕ್ಕೆ ತಳ್ಳಲಾಗದು.

ತುಂಗಾತೀರ

ಬೇಜಾರು ಯಾಕೆ? ಇದನ್ನು ಬಿಟ್ಟು ಆಕೆಯ ಕಥೆ ಹೇಳಿದರೆ ಅದು ಅರ್ಧ ಕಥೆ.

ಹನೋಯಿಯ ಹಿಡಿತದ ಬಗ್ಗೆ ನೀವು ಹೇಳಿದ್ದು ಸರಿ. ಆಕೆ ಸ್ವತಃ ಪಕ್ಷದ ಸದಸ್ಯೆ. ಹೊರಗಿನವರಿಗೆ ಕಾಣುವ ಹಾಗೆ ಎರಡು ನಿಯೋಗ, ಒಳಗೆ ಒಂದೇ ಗುರಿ. ಹ್ಯುಯೆಯಲ್ಲಿ ಸತ್ತವರ ವಿಷಯದಲ್ಲಿ ನನಗೆ ಯಾವ ಸಮರ್ಥನೆಯೂ ಬೇಡ. ಅದು ಕೊಲೆ.

ಹಾಗಂತ ಆಕೆ ಬರೀ ಬೊಂಬೆ ಅಂದರೆ ನಾನು ಒಪ್ಪಲ್ಲ. ಉತ್ತರದವರು ಕಳಿಸಿ ಆಕೆ ಚಳವಳಿಗೆ ಬಂದದ್ದಲ್ಲ. ಸೈಗಾನ್‌ನ ಬೀದಿ, ಸೈಗಾನ್‌ನ ಜೈಲು, ಎಲ್ಲ ದಕ್ಷಿಣದಲ್ಲೇ ಆದದ್ದು. ಪ್ಯಾರಿಸ್‌ನಲ್ಲಿ ಉತ್ತರದಿಂದ ಸೈನ್ಯ ಬಂದಿದೆಯೇ ಎಂದು ಪತ್ರಕರ್ತರು ಪದೇ ಪದೇ ಕೇಳುತ್ತಿದ್ದರು. ಹೌದು ಅಂದರೆ ಕಷ್ಟ, ಇಲ್ಲ ಅಂದರೆ ಸುಳ್ಳು. ವಿಯೆಟ್ನಾಂ ಒಂದು, ಜನ ಒಂದು, ದೇಶಕ್ಕೆ ಅಪಾಯ ಬಂದರೆ ಎಲ್ಲಿಯವರಾದರೂ ಹೋರಾಡುತ್ತಾರೆ ಎಂಬ ಅರ್ಥದ ಉತ್ತರ ಆಕೆಯದು. ನಿಮ್ಮ ವಿಮೋಚಿತ ಪ್ರದೇಶ ಎಲ್ಲಿದೆ ಎಂದಾಗ, ಅಮೆರಿಕದ ಬಾಂಬ್ ಎಲ್ಲಿ ಬೀಳುತ್ತಿದೆಯೋ ಅಲ್ಲೇ ಎಂದರು. ತಮ್ಮದೇ ನೆಲಕ್ಕೆ ಯಾರೂ ಬಾಂಬ್ ಹಾಕುವುದಿಲ್ಲ ಅಲ್ವಾ? ಇಂಥ ಉತ್ತರ ಕಾಗದದಲ್ಲಿ ಬರೆದುಕೊಂಡು ಬರಲು ಆಗದು. ವಾರ ವಾರ ಪಾಠ ಮಾಡಿ, ತುಂಟ ಮಕ್ಕಳ ಪ್ರಶ್ನೆಗೆ ನಿಂತಲ್ಲೇ ಉತ್ತರ ಕೊಟ್ಟು ರೂಢಿ ಇದ್ದವರಿಗೆ ಬರುವ ಮಾತು ಅದು.

ಅವರ ಕೆಲಸದ ಇನ್ನೊಂದು ಭಾಗ ಮಂತ್ರಿಗಿರಿಗೂ ಮುಂಚಿನದು. 1965ರ ಜುಲೈನಲ್ಲಿ ಜಕಾರ್ತಾದಲ್ಲಿ ಅಮೆರಿಕದ ಯುದ್ಧವಿರೋಧಿ ಹೆಂಗಸರ ಗುಂಪೊಂದು ಬಂದು ವಿಯೆಟ್ನಾಂನ ಹೆಂಗಸರನ್ನು ಕಂಡಿತು. ರಂಗದ ಕಡೆಯಿಂದ ಮಾತಾಡಿದವರು ಬಿನ್. ಯುದ್ಧ ಜೋರಾಗುತ್ತಿದ್ದ ಹೊತ್ತು ಅದು. ಎದುರಾಳಿ ದೇಶದ ತಾಯಂದಿರ ಜೊತೆ ಕೂತು ಮಾತಾಡಿ, ಅವರು ಊರಿಗೆ ಹೋಗಿ ತಮ್ಮವರಿಗೆ ಹೇಳುವ ಹಾಗೆ ಮಾಡಿದರು. ಅಲ್ಲಿಂದ ಶುರುವಾದ ಪರಿಚಯಗಳು ಪ್ಯಾರಿಸ್‌ವರೆಗೂ ಉಳಿದವು. ಇದನ್ನು ಯಾರ ಆದೇಶದ ಮೇಲೆ ಮಾಡಿದರು ಅನ್ನುವುದಕ್ಕಿಂತ ಎಷ್ಟು ಚೆನ್ನಾಗಿ ಮಾಡಿದರು ಅನ್ನುವುದು ನನಗೆ ಮುಖ್ಯ.

ನೀಲಿಶಾಯಿ

ಮೇಜಿನ ಕಥೆ ನಾನು ಹೇಳಲಾ? ಪತ್ರ, ಕರಾರು, ಸಹಿ ಇವೇ ನನ್ನ ದಿನದ ಕೆಲಸ. ಅದಕ್ಕೇ ಈ ವಿಷಯ ನನ್ನನ್ನು ಬಿಡುತ್ತಲೇ ಇಲ್ಲ.

1968ರ ಮೇ 13ರಂದು ಅಮೆರಿಕ ಮತ್ತು ಹನೋಯಿ ನಡುವೆ ಮಾತು ಶುರುವಾಯಿತು. ನವೆಂಬರ್ ಮೊದಲ ವಾರದಲ್ಲಿ ಬಿನ್ ಪ್ಯಾರಿಸ್‌ಗೆ ಬಂದರು. ಈಗ ನಾಲ್ಕು ಕಡೆಯವರು ಕೂರಬೇಕು. ಎಲ್ಲಿ? ಹೇಗೆ? ಸೈಗಾನ್ ಹೇಳಿತು: ವಿಮೋಚನಾ ರಂಗ ಬೇರೆ ಪಕ್ಷವೇ ಅಲ್ಲ, ಅದು ಹನೋಯಿಯ ಬಾಲ, ಎರಡು ಕಡೆ ಇರುವ ಮೇಜು ಸಾಕು. ಹನೋಯಿ ಮತ್ತು ರಂಗ ಹೇಳಿದವು: ನಾಲ್ವರೂ ಸಮಾನ, ನಾಲ್ಕು ಕಡೆ ಬೇಕು. ಹತ್ತು ವಾರ ಮೇಜಿನ ಆಕಾರದ ಮೇಲೇ ಜಗಳ. ಆ ಹತ್ತು ವಾರವೂ ಅಲ್ಲಿ ಜನ ಸಾಯುತ್ತಲೇ ಇದ್ದರು.

ಕೊನೆಗೆ 1969ರ ಜನವರಿ ನಡುವಿನಲ್ಲಿ ಒಪ್ಪಂದವಾಯಿತು. ಒಂದು ದೊಡ್ಡ ದುಂಡು ಮೇಜು. ಬಾವುಟ ಇಲ್ಲ, ಹೆಸರಿನ ಫಲಕ ಇಲ್ಲ. ಎದುರುಬದುರು ಎರಡು ಪುಟ್ಟ ಆಯತದ ಮೇಜುಗಳು, ಬರೆದುಕೊಳ್ಳುವ ಗುಮಾಸ್ತರಿಗೆ. ಅವನ್ನು ದುಂಡು ಮೇಜಿನಿಂದ 18 ಅಂಗುಲ ದೂರ ಇಡಬೇಕು. 18 ಅಂಗುಲ ಅಂದರೆ ಸರಿಯಾಗಿ ಒಂದು ಮೊಳ. ನಮ್ಮೂರ ಹೂವಿನವಳು ಮೊಣಕೈಯಿಂದ ಬೆರಳ ತುದಿಗೆ ದಾರ ಎಳೆದು ಮಲ್ಲಿಗೆ ಅಳೆಯುತ್ತಾಳಲ್ಲ, ಅಷ್ಟೇ. ಆ ಒಂದು ಮೊಳದ ಸಂದಿನಲ್ಲಿ ಸೈಗಾನ್‌ನವರು "ನೋಡಿ, ಮೇಜು ಎರಡು ಭಾಗ" ಅನ್ನಬಹುದು. ರಂಗದವರು "ನೋಡಿ, ದುಂಡು ಮೇಜು, ಎಲ್ಲರೂ ಸಮಾನ" ಅನ್ನಬಹುದು. ನಾನು ಒಂದು ದಿನ ನಮ್ಮ ಊಟದ ಮೇಜಿನ ಪಕ್ಕ ಸ್ಟೂಲ್ ಇಟ್ಟು ಟೇಪಿನಲ್ಲಿ ಅಳೆದು ನೋಡಿದೆ. ಒಬ್ಬ ಮನುಷ್ಯ ಅಡ್ಡ ತಿರುಗಿ ನುಸುಳಬಹುದು.

ಆ ವರ್ಷದ ಜೂನ್‌ನಲ್ಲಿ ತಾತ್ಕಾಲಿಕ ಕ್ರಾಂತಿಕಾರಿ ಸರ್ಕಾರ ಘೋಷಣೆಯಾಯಿತು. ಬಿನ್ ವಿದೇಶಾಂಗ ಮಂತ್ರಿ, ನಿಯೋಗದ ಮುಖ್ಯಸ್ಥೆ. 1971ರ ಜುಲೈ 1ರಂದು ಅವರು ಏಳು ಅಂಶದ ಯೋಜನೆ ಮುಂದಿಟ್ಟರು. ಅಮೆರಿಕ ತನ್ನ ಸೈನ್ಯ ವಾಪಸು ಹೋಗುವ ದಿನ ಹೇಳಲಿ, ಅದೇ ಅವಧಿಯಲ್ಲಿ ಯುದ್ಧ ಕೈದಿಗಳನ್ನೂ ಬಿಡುತ್ತೇವೆ ಎಂದರು. ಕೈದಿಗಳ ಮನೆಯವರು ಅಮೆರಿಕದಲ್ಲಿ ಇದನ್ನು ಹಿಡಿದು ತಮ್ಮ ಸರ್ಕಾರವನ್ನೇ ಕೇಳತೊಡಗಿದರು. 1972ರಲ್ಲಿ ಗಯಾನಾದ ಜಾರ್ಜ್‌ಟೌನ್‌ನಲ್ಲಿ ಅಲಿಪ್ತ ದೇಶಗಳ ಸಭೆ ಅವರ ಸರ್ಕಾರಕ್ಕೆ ಪೂರ್ಣ ಸದಸ್ಯತ್ವ ಕೊಟ್ಟಿತು.

ಈಗ ಸಹಿಯ ದಿನ. ಬೆಳಗ್ಗೆ ಒಂದು ಸಮಾರಂಭ, ಮಧ್ಯಾಹ್ನ ಇನ್ನೊಂದು. ಯಾಕೆ? ತಾತ್ಕಾಲಿಕ ಕ್ರಾಂತಿಕಾರಿ ಸರ್ಕಾರದ ಹೆಸರಿರುವ ಪಠ್ಯಕ್ಕೆ ಸೈಗಾನ್ ಸಹಿ ಹಾಕುವುದಿಲ್ಲ. ಅದಕ್ಕೆ ಬೆಳಗಿನ ನಾಲ್ಕು ಪಕ್ಷಗಳ ಪಠ್ಯ "ಪ್ಯಾರಿಸ್ ಸಮ್ಮೇಳನದಲ್ಲಿ ಭಾಗವಹಿಸುತ್ತಿರುವ ಪಕ್ಷಗಳು" ಅಂತ ಶುರುವಾಗುತ್ತದೆ. ಆ ಸಾಲಿನಲ್ಲಿ ಯಾರ ಹೆಸರೂ ಇಲ್ಲ. ಮಧ್ಯಾಹ್ನ ಅಮೆರಿಕ ಮತ್ತು ಹನೋಯಿ ಮಾತ್ರ ಸಹಿ ಹಾಕಿದ ಪಠ್ಯದಲ್ಲಿ ಹೆಸರುಗಳಿವೆ.

ಆದರೆ ಬೆಳಗಿನ ಪಠ್ಯದ ಕೊನೆಗೆ ಹೋಗಿ. ಸಹಿಗೆ ಎರಡು ಬೇರೆ ಬೇರೆ ಪುಟ. ಒಂದರಲ್ಲಿ ಅಮೆರಿಕ ಮತ್ತು ಸೈಗಾನ್. ಇನ್ನೊಂದರಲ್ಲಿ ಹನೋಯಿ ಮತ್ತು ಬಿನ್. ಒಂದೇ ಹಾಳೆಯಲ್ಲಿ ತಮ್ಮ ಸಹಿಯ ಪಕ್ಕ ಅವರ ಸಹಿ ಬರದ ಹಾಗೆ ಸೈಗಾನ್ ನೋಡಿಕೊಂಡಿತು. ಆದರೆ ಆ ಎರಡನೇ ಪುಟದಲ್ಲಿ ಸಹಿಯ ಜೊತೆ "ದಕ್ಷಿಣ ವಿಯೆಟ್ನಾಂ ಗಣರಾಜ್ಯದ ತಾತ್ಕಾಲಿಕ ಕ್ರಾಂತಿಕಾರಿ ಸರ್ಕಾರದ ಪರವಾಗಿ" ಅಂತ ಪೂರ್ತಿ ಹೆಸರಿದೆ. ಒಳಗೆಲ್ಲೂ ಬರೆಯಲು ಬಿಡದ ಹೆಸರು ಕೊನೆ ಹಾಳೆಯಲ್ಲಿ ಮಂತ್ರಿಯ ಸಹಿ ಜೊತೆ ಕೂತಿತು. 4 ವರ್ಷ, 8 ತಿಂಗಳು, 14 ದಿನದ ಮಾತುಕತೆ ಅದು. ಕಾಗದದ ಕೆಲಸ ಮಾಡುವ ನನಗೆ ಆ ಹಾಳೆ ನೋಡಿದಾಗ ಮೈ ಜುಮ್ಮೆಂದಿತು.

ಹಳೇಪೇಟೆ ಮೇಷ್ಟ್ರು

ನೀಲಿಶಾಯಿಯವರೇ, ಒಂದು ಮೊಳ ಅಂದಿರಲ್ಲ, ಇನ್ನು ಈ ಪಾಠ ನಾನು ಮರೆಯಲ್ಲ.

ಬಯಲುಸೀಮೆಯವರ ಮಾತಿಗೆ ಒಂದು ಸೇರಿಕೆ. ಆ ಕಾಗದ ಶಾಂತಿ ತರಲಿಲ್ಲ. ಅದನ್ನೂ ಹೇಳಬೇಕು. ಅಮೆರಿಕದ ಸೈನ್ಯ 60 ದಿನದಲ್ಲಿ ಹೊರಟಿತು, 591 ಅಮೆರಿಕನ್ ಕೈದಿಗಳು ಮನೆ ಸೇರಿದರು. ವಿಯೆಟ್ನಾಮಿಗಳ ನಡುವಿನ ಯುದ್ಧ ಮಾತ್ರ ನಿಲ್ಲಲೇ ಇಲ್ಲ. ಎರಡೂ ಕಡೆಯವರು ಕದನವಿರಾಮ ಮುರಿದರು. ಆ ವರ್ಷ ನೊಬೆಲ್ ಶಾಂತಿ ಪ್ರಶಸ್ತಿ ಕಿಸಿಂಜರ್ ಮತ್ತು ಲೆ ಡುಕ್ ಥೊ ಇಬ್ಬರಿಗೂ ಬಂತು. ನಮ್ಮಲ್ಲಿ ಇನ್ನೂ ಶಾಂತಿ ಬಂದಿಲ್ಲ ಎಂದು ಥೊ ಬೇಡ ಅಂದರು. 1975ರ ಏಪ್ರಿಲ್ 30ಕ್ಕೆ ಸೈಗಾನ್ ಬಿತ್ತು.

ದಾರಿಹೋಕ

ಕೆಲಸದ ಮೇಲೆ ಪ್ಯಾರಿಸ್‌ಗೆ ಹೋದಾಗ ಬಿಡುವಿನಲ್ಲಿ ಕ್ಲೇಬೆರ್ ರಸ್ತೆಗೆ ಹೋಗಿದ್ದೆ. 19ನೇ ನಂಬರಿನ ಕಟ್ಟಡ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯದ ಆಡಳಿತ ಇಲ್ಲೇ ಇತ್ತು. ಆಮೇಲೆ ಕೆಲವು ವರ್ಷ ಯುನೆಸ್ಕೊ ಕಚೇರಿ. ಆಮೇಲೆ ಈ ಮಾತುಕತೆ. 2014ರಿಂದ ಮತ್ತೆ ದೊಡ್ಡ ಐಷಾರಾಮಿ ಹೋಟೆಲ್. ಒಳಗೆ ಕಾಫಿಯ ಬೆಲೆ ನೋಡಿ ಎದುರಿನ ಫುಟ್‌ಪಾತ್‌ನಲ್ಲೇ ನಿಂತೆ. ಚಳಿ ಇತ್ತು. ಬಾಗಿಲು ಕಾಯುವವರು ಕಾರುಗಳಿಗೆ ಕೊಡೆ ಹಿಡಿಯುತ್ತಿದ್ದರು. ಇದೇ ಬಾಗಿಲಿನಿಂದ ಆಕೆ ವಾರ ವಾರ ಒಳಗೆ ಹೋಗಿ ಬಂದದ್ದು ಅಂತ ಹತ್ತು ನಿಮಿಷ ನೋಡುತ್ತಾ ನಿಂತಿದ್ದೆ. ನನ್ನ ಜೊತೆಗಿದ್ದ ಸಹೋದ್ಯೋಗಿಗೆ ಕಥೆ ಹೇಳಿದೆ. ಅವನು ಪೂರ್ತಿ ಕೇಳಿ, "ಆಕೆ ಆಮೇಲೆ ಏನಾದರು?" ಅಂದ. ನನಗೆ ಆಗ ಗೊತ್ತಿರಲಿಲ್ಲ.

ಶಾಲ್ಮಲಾ

ಅದನ್ನೇ ನಾನೂ ಕೇಳಬೇಕು ಅಂತಿದ್ದೆ. ಯುದ್ಧ ಮುಗಿದ ಮೇಲೆ ಇಂಥ ಹೆಂಗಸರನ್ನು ಮನೆಗೆ ಕಳಿಸಿಬಿಡುವುದು ಎಲ್ಲ ಕಡೆ ನಡೆದಿದೆ.

ತುಂಗಾತೀರ

ಇವರನ್ನು ಕಳಿಸಲಿಲ್ಲ. 1976ರಿಂದ 1987ರವರೆಗೆ ಒಂದಾದ ದೇಶದ ಶಿಕ್ಷಣ ಮಂತ್ರಿ. ಉತ್ತರದ ಶಾಲೆಯ ಪದ್ಧತಿ ಬೇರೆ, ದಕ್ಷಿಣದ್ದು ಬೇರೆ. ದುಡ್ಡಿಲ್ಲದ ಕಾಲ. ಮೇಲಿಂದ ಕಾಂಬೋಡಿಯಾ, ಚೀನಾ ಜೊತೆ ಮತ್ತೆ ಯುದ್ಧ. ಅದರ ನಡುವೆ ಎರಡನ್ನೂ ಒಂದು ಮಾಡುವ ಕೆಲಸ ಅವರದು. ನನ್ನ ಪ್ರಕಾರ ಇದು ಪ್ಯಾರಿಸ್‌ಗಿಂತ ಕಷ್ಟದ ಕೆಲಸ, ಆದರೆ ಕ್ಯಾಮರಾ ಇರಲಿಲ್ಲ. 1992ರಿಂದ 2002ರವರೆಗೆ ಎರಡು ಅವಧಿ ದೇಶದ ಉಪಾಧ್ಯಕ್ಷೆ. ಅದಕ್ಕೂ ಮುಂಚೆ ಅಂಥದೇ ಹುದ್ದೆಯಲ್ಲಿದ್ದ ಇನ್ನೊಬ್ಬ ಹೆಂಗಸು ಗುಯೆನ್ ಥಿ ದಿನ್. 1960ರಲ್ಲಿ ಬೆನ್ ತ್ರೆ ದಂಗೆಯ ಮುಂದಾಳು, ವಿಮೋಚನಾ ಸೈನ್ಯದ ಉಪದಂಡನಾಯಕಿ. ಅವರ ಬಗ್ಗೆ ಬೇರೆಯೇ ಚರ್ಚೆ ಬೇಕು.

ಉಪಾಧ್ಯಕ್ಷೆಯ ಹುದ್ದೆ ಬಿಟ್ಟ ಮೇಲೂ ಆಕೆ ಒಂದು ವಿಷಯ ಬಿಡಲಿಲ್ಲ. ಏಜೆಂಟ್ ಆರೆಂಜ್. ಕಾಡಿನ ಎಲೆ ಉದುರಿಸಲು ಅಮೆರಿಕದ ವಿಮಾನಗಳು ಸುರಿದ ವಿಷ. ಅದರಲ್ಲಿದ್ದ ಡಯಾಕ್ಸಿನ್ ಮಣ್ಣಿನಲ್ಲಿ ಉಳಿಯಿತು. ಆ ಸಂತ್ರಸ್ತರ ಸಂಘದ ಗೌರವಾಧ್ಯಕ್ಷೆಯಾಗಿ ಕೆಲಸ ಮಾಡಿದರು.

ಬಯಲುಸೀಮೆ

ನನ್ನ ಪ್ರಶ್ನೆಗಳು ಹಾಗೇ ಇವೆ. ದೋಣಿ ಹತ್ತಿ ಹೋದವರ ಬಗ್ಗೆ ಆಕೆ ಅಧಿಕಾರದಲ್ಲಿ ಇದ್ದು ಏನು ಮಾಡಿದರು ಎಂದು ಕೇಳುವುದನ್ನು ನಾನು ಬಿಡಲ್ಲ. ಆದರೆ ಏಜೆಂಟ್ ಆರೆಂಜ್ ವಿಷಯ ಓದಿ ಸುಮ್ನೆ ಕೂತೆ. ನಮ್ಮ ತಾಲ್ಲೂಕಿನ ಹೊಲಗಳಲ್ಲಿ ಔಷಧಿ ಹೊಡೆದು ಹೊಡೆದು ಕೈ ನಡುಗುವ ರೈತರನ್ನು ನೋಡಿದ್ದೇನೆ. ಅವರು ತಾವಾಗಿ ಹೊಡೆದದ್ದು. ಅಲ್ಲಿಯವರು ಆಕಾಶ ನೋಡುತ್ತಾ ನಿಂತಿದ್ದರು.

ನೀಲಿಶಾಯಿಯವರೇ, ಆ ಎರಡು ಸಹಿ ಪುಟಗಳ ಚಿತ್ರ ಇದ್ದರೆ ಇಲ್ಲಿ ಹಾಕುತ್ತೀರಾ? ಸೈಗಾನ್‌ನವರ ಸಹಿ ಇರುವ ಪುಟವನ್ನೂ ಹಾಕಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಬೇಕು.

ನೀಲಿಶಾಯಿ

ಆಫೀಸಿನ ಕಂಪ್ಯೂಟರಿನಲ್ಲಿದೆ. ಸೋಮವಾರ ಹಾಕ್ತೇನೆ. ಎರಡನ್ನೂ.